ಚಮಚದಲ್ಲಿದ್ದ ಮೀನು

ಬಾಂಗ್ಸಾರ್, ಕ್ವಾಲಾಲಂಪುರ
೧೧ ಅಕ್ಟೋಬರ್ ೨೦೨೩, ಬುಧವಾರ

ಪ್ರೀತಿಯ ಅಮ್ಮ,

ಇವತ್ತು ಬೆಳಿಗ್ಗೆ ಕಾಫಿ ಕುಡಿಯುತ್ತ ಕುಳಿತಿದ್ದಾಗ ಅಪ್ಪನ ಚಮಚದಲ್ಲಿ ಒಂದು ಮೀನು ಕಂಡಿತು. ಗಾಬರಿಯಾಗಬೇಡ. ಅದು ಚಿತ್ರದಲ್ಲಿರುವ ಚಮಚ. ಶನಿವಾರದ ಸಭೆಗೆಂದು ಮಾಡಿಸಿದ ಬ್ಯಾನರ್ ನಿನ್ನೆ ಸಂಜೆ ಬಂತು, ಸೋಫಾಕ್ಕೆ ಒರಗಿಸಿ ಇಟ್ಟಿದ್ದಾರೆ. ಅದರಲ್ಲಿ ಅಪ್ಪ ಆಳೆತ್ತರ ನಿಂತು, ಒಂದು ಕೈಯಲ್ಲಿ ಬಟ್ಟಲು, ಇನ್ನೊಂದರಲ್ಲಿ ಗಂಜಿ ತುಂಬಿದ ಚಮಚ ಹಿಡಿದು, ಬಾಯಿ ಅರ್ಧ ತೆರೆದು ನಗುತ್ತಿದ್ದಾರೆ. ಕೆಳಗೆ ‘ಎಲ್ಲರಿಗೂ ಸಮಾನ ತಟ್ಟೆ: ಕೋವಿಡ್ ನಂತರದ ನ್ಯಾಯದ ಆಹಾರ ವ್ಯವಸ್ಥೆ’ ಎಂಬರ್ಥದ ಇಂಗ್ಲಿಷ್ ಸಾಲು. ಚಿತ್ರ ಅಷ್ಟು ದೊಡ್ಡದಾದಾಗ ಚಮಚ ಸೌಟಿನಷ್ಟಾಗುತ್ತದೆ. ಬಿಳಿ ಗಂಜಿಯ ನಡುವೆ ಒಂದು ಇಕಾನ್ ಬಿಲಿಸ್, ಇಲ್ಲಿಯವರು ಎಲ್ಲದಕ್ಕೂ ಹಾಕುವ ಆ ಸಣ್ಣ ಒಣಮೀನು, ಕಪ್ಪು ಕಣ್ಣು ಬಿಟ್ಟುಕೊಂಡು ಮಲಗಿದೆ. ಶುದ್ಧ ಸಸ್ಯಾಹಾರಿ ಸಮಿತಿಯ ಅಧ್ಯಕ್ಷರ ಬಾಯಿಗೂ ಅದಕ್ಕೂ ಒಂದು ಬೆರಳಿನಷ್ಟು ಅಂತರ.

ಈ ಚಿತ್ರವನ್ನು ಅಪ್ಪ ನೋಡಿದ್ದಾರೆ, ಸಮಿತಿಯ ಗುರುದತ್ ಅಂಕಲ್ ನೋಡಿದ್ದಾರೆ, ಮುದ್ರಿಸಿದವರು ನೋಡಿದ್ದಾರೆ, ಇಲ್ಲಿಯ ನಮ್ಮ ಕನ್ನಡ ಬಳಗದ ವಾಟ್ಸಪ್ಪಿನಲ್ಲಿ ಊರೆಲ್ಲ ನೋಡಿ ಕೈಮುಗಿಯುವ ಗುರುತು ಹಾಕಿದೆ. ಯಾರಿಗೂ ಮೀನು ಕಾಣಲಿಲ್ಲ. ಎಲ್ಲರೂ ಮುಖವನ್ನೇ ನೋಡುತ್ತಿದ್ದರು, ಗಂಜಿಯನ್ನು ನೋಡುವ ಅಗತ್ಯ ಯಾರಿಗಿತ್ತು? ನಾನು ಅಪ್ಪನಿಗೆ ಹೇಳಿಲ್ಲ. ಹೇಳಿದರೆ ಸಂಜೆಯೊಳಗೆ ಮೀನನ್ನು ಅಳಿಸಿ ಹೊಸ ಬ್ಯಾನರ್ ತರಿಸುತ್ತಾರೆ. ಅವರಿಗೆ ಅದು ಮುದ್ರಣದ ತಪ್ಪು, ಅಷ್ಟೇ.

ಅಜ್ಜಿಯ ಕಣ್ಣಿನ ಆಪರೇಷನ್ನಿಗೆಂದು ನೀನು ಮಲ್ಪೆಗೆ ಹೋದ ಮೇಲೆ ಇಲ್ಲಿ ನಡೆದದ್ದನ್ನು ಫೋನಿನಲ್ಲಿ ಸರಿಯಾಗಿ ಹೇಳಲು ಆಗಲಿಲ್ಲ. ನಾನು ಫೋನ್ ಹಿಡಿದ ಕೂಡಲೇ ಅಪ್ಪ ಪಕ್ಕದಲ್ಲಿ ಬಂದು ಕೂರುತ್ತಾರೆ, ಅರ್ಧ ಮಾತಿಗೆ ಅವರೇ ಉತ್ತರ ಕೊಡುತ್ತಾರೆ. ಆದ್ದರಿಂದ ಬರೆಯುತ್ತಿದ್ದೇನೆ. ನಿನಗೆ ಗೊತ್ತಿರುವುದೂ ಇದರಲ್ಲಿ ಬರುತ್ತದೆ, ಸಹಿಸಿಕೋ.

ಲಾಕ್‌ಡೌನ್ ದಿನಗಳ ಪೆಟ್ಟಿಗೆಗಳು ನೆನಪಿವೆಯಲ್ಲ? ಮೈಸೂರಿನ ಕಾಲೇಜು ಆನ್‌ಲೈನ್ ಆಗಿ ನಾನೂ ಇಲ್ಲೇ ಇದ್ದೆ. ಬ್ರಿಕ್‌ಫೀಲ್ಡ್ಸ್ ಹಿಂದಿನ ಅಗ್ಗದ ಫ್ಲ್ಯಾಟುಗಳಲ್ಲಿ ಜನ ಊಟಕ್ಕಿಲ್ಲ ಎಂದು ತಿಳಿಸಲು ಕಿಟಕಿಗೆ ಬಿಳಿ ಬಟ್ಟೆ ಕಟ್ಟುತ್ತಿದ್ದಾಗ ನಮ್ಮ ಬಳಗದ ಆಹಾರ ಸಮಿತಿ ಪೆಟ್ಟಿಗೆಯೊಳಗೆ ಬೆಳ್ಳುಳ್ಳಿ ಇರಬಹುದೇ ಎಂದು ಚರ್ಚಿಸುತ್ತಿತ್ತು. ಈರುಳ್ಳಿ ಹೇಗೋ ಗೆದ್ದಿತು, ಬೆಳ್ಳುಳ್ಳಿ ಸೋತಿತು. ಕೊನೆಗೆ ಪೆಟ್ಟಿಗೆಯಲ್ಲಿ ಹೋದದ್ದು ಅವಲಕ್ಕಿ, ಗೋಧಿ ರವೆ, ತೊಗರಿಬೇಳೆ, ಪುಳಿಯೋಗರೆ ಪುಡಿ, ಜೊತೆಗೆ ಸಮತೋಲನ ಆಹಾರದ ಬಗ್ಗೆ ಅಪ್ಪ ಬರೆದ ಒಂದು ಕರಪತ್ರ. ಅದನ್ನು ಪಡೆದವರಲ್ಲಿ ತಮಿಳರಿದ್ದರು, ಮಲಯರಿದ್ದರು, ಇಂಡೋನೇಷ್ಯಾದವರಿದ್ದರು. ಪುಳಿಯೋಗರೆ ಪುಡಿಯನ್ನು ಅವರು ಏನು ಮಾಡಿಯಾರು ಎಂದು ಸಮಿತಿಯಲ್ಲಿ ಯಾರೂ ಕೇಳಲಿಲ್ಲ. ಎಲ್ಲ ಮನುಷ್ಯರೂ ಒಳಗೊಳಗೆ ಪುಳಿಯೋಗರೆಗಾಗಿ ಕಾಯುತ್ತಿದ್ದಾರೆ ಎಂಬುದರಲ್ಲಿ ಅವರಿಗೆ ಅನುಮಾನವೇ ಇರಲಿಲ್ಲ.

ಎದುರು ಮನೆಯ ಚೀನೀ ಅಜ್ಜಿ ನಮ್ಮ ಪೆಟ್ಟಿಗೆಗಳಿಗೆ ಸೇರಿಸಿ ಎಂದು ಸಾರ್ಡೀನ್ ಡಬ್ಬಿಗಳನ್ನೂ ಮೊಟ್ಟೆಯ ಟ್ರೇಗಳನ್ನೂ ತಂದುಕೊಟ್ಟಿದ್ದರು. “ಅಯ್ಯೋ, ಇದೆಲ್ಲ ನಮ್ಮ ಪೆಟ್ಟಿಗೇಲಿ ಬೇಡ, ಸರೋಜಿನಿ ಮೇಡಂ, ತೆಗ್ದಿಡಿ” ಎಂದು ನಿನಗೆ ಹೇಳಿದರು ಗುರುದತ್ ಅಂಕಲ್. ತೆಗೆದಿಟ್ಟವಳು ನೀನು. ಒಂದು ಡಬ್ಬಿಯನ್ನು ಕೈಯಲ್ಲಿ ಹಿಡಿದು, ಅದರ ಮೇಲಿನ ಮೀನಿನ ಚಿತ್ರವನ್ನು ನೋಡುತ್ತ ನೀನು ನಿಂತದ್ದು ನಾನು ಬಾಗಿಲ ಹತ್ತಿರದಿಂದ ಕಂಡೆ. ಮಲ್ಪೆಯ ಹುಡುಗಿ, ಮದುವೆಯಾದ ದಿನದಿಂದ ಈ ಮನೆಯ ಅಡುಗೆಮನೆಯಲ್ಲಿ ಮೀನಿನ ಹೆಸರೆತ್ತದವಳು. ಮರುದಿನ ಆ ಡಬ್ಬಿಗಳೆಲ್ಲ ಕೆಳಗೆ ನೇಪಾಳಿ ಗಾರ್ಡ್‌ನ ಕೋಣೆಯಲ್ಲಿದ್ದವು. ಯಾರು ಕೊಟ್ಟರೆಂದು ನಾನು ಇಂದಿಗೂ ಯಾರಿಗೂ ಹೇಳಿಲ್ಲ.

ಆಗ ಹಾಗಿತ್ತು, ಈಗ ಎಲ್ಲ ಸರಿಹೋಯಿತು ಎಂದುಕೊಳ್ಳಬೇಡ. ಈಗ ಅದಕ್ಕೆ ದೊಡ್ಡ ಹೆಸರು ಬಂದಿದೆ, ಅಷ್ಟೇ ವ್ಯತ್ಯಾಸ. ಆರ್ಥಿಕ ಚೇತರಿಕೆ ಎಂದು ಎಲ್ಲರೂ ಹೇಳುತ್ತಿದ್ದಾರೆ. ಬಾಂಗ್ಸಾರಿನ ಕೆಫೆಗಳು ಚೇತರಿಸಿಕೊಂಡಿವೆ, ಸೈಬರ್‌ಜಯಾದ ಗುರುದತ್ ಅಂಕಲ್ ಹೊಸ ಕಾರು ಕೊಳ್ಳುವಷ್ಟು ಚೇತರಿಸಿಕೊಂಡಿದ್ದಾರೆ. ಫ್ಲ್ಯಾಟಿನ ಜನಕ್ಕೆ ಕೆಲಸ ಬಂದಿದೆ, ಆದರೆ ಆ ಸಂಬಳದಲ್ಲಿ ಕೋಳಿ, ಮೊಟ್ಟೆ, ಎಣ್ಣೆ ಒಟ್ಟಿಗೆ ಬರುವುದಿಲ್ಲ. ಲಾಕ್‌ಡೌನಿನಲ್ಲಿ ಅವರೇ ನೆಲಮಹಡಿಯ ಹಾಲ್‌ನಲ್ಲಿ ಒಲೆ ಹೂಡಿಕೊಂಡಿದ್ದರು. ಅದನ್ನು ಇನ್ನೂ ಆರಿಸಿಲ್ಲ. ಅಪ್ಪ ಅಮ್ಮ ಇಬ್ಬರೂ ದುಡಿಯಲು ಹೋದ ಮನೆಗಳ ಮಕ್ಕಳು ಶಾಲೆ ಬಿಟ್ಟ ಮೇಲೆ ಅಲ್ಲಿ ಉಣ್ಣುತ್ತವೆ. ನಡೆಸುವವರು ಪರಮೇಶ್ವರಿ ಅಕ್ಕ, ಮೂರನೆಯ ಮಹಡಿಯವರು. ದೊಡ್ಡ ಗಂಟಲು, ದೊಡ್ಡ ನಗು. ನನ್ನಂಥವಳನ್ನೂ ಮಾತಾಡಿಸಿಬಿಡುತ್ತಾರೆ.

‘ಫೀಲ್ಡ್ ಅಬ್ಸರ್ವೇಶನ್’ ಎಂದು ಅಪ್ಪ ನನ್ನನ್ನು ಅಲ್ಲಿಗೆ ಕಳಿಸುತ್ತಿರುವುದು ನಿನಗೆ ಗೊತ್ತು. ಸಾಹಿತ್ಯ ಓದಿ ಮನೆಯಲ್ಲಿ ಕುಳಿತವಳಿಗೆ ಒಂದು ಕೆಲಸವಾಯಿತು ಎಂದು ನೀನೂ ಖುಷಿಪಟ್ಟೆ. ನಾನು ಮೂಲೆಯಲ್ಲಿ ಕೂತು ಈರುಳ್ಳಿ ಸುಲಿಯುತ್ತೇನೆ, ನೋಡುತ್ತೇನೆ. ಬಳಗದ ಪೆಟ್ಟಿಗೆಗಳು ಈಗಲೂ ತಿಂಗಳಿಗೊಮ್ಮೆ ಬರುತ್ತವೆ. ನಾನು ಹೋದ ಮೊದಲ ದಿನವೇ ಪರಮೇಶ್ವರಿ ಅಕ್ಕ ಅವಲಕ್ಕಿಯ ಪೊಟ್ಟಣ ಎತ್ತಿ ತೋರಿಸಿ, “ಇದ್ ಎನ್ನಮ್ಮಾ, ಓಟ್ಸಾ?” ಎಂದು ತಮ್ಮ ತಮಿಳಿನಲ್ಲಿ ಕೇಳಿದ್ದರು. ಇಷ್ಟು ಕಾಲ ಅದನ್ನು ಓಟ್ಸ್ ಎಂದೇ ತಿಳಿದು, ತೆಂಗಿನಹಾಲು ಹಾಕಿ, ಇಕಾನ್ ಬಿಲಿಸ್ ಹುರಿದು ಸೇರಿಸಿ, ಗಂಜಿ ಕಾಯಿಸುತ್ತಿದ್ದರು. ನನಗೂ ಒಂದು ಬಟ್ಟಲು ಕೊಟ್ಟರು. ಅಮ್ಮ, ಎಷ್ಟು ಚೆನ್ನಾಗಿತ್ತು ಗೊತ್ತಾ! ಹೌದು, ತಿಂದೆ.

ಅಲ್ಲಿ ಯಾವಾಗಲೂ ಎರಡು ಪಾತ್ರೆ. ಒಂದರಲ್ಲಿ ಮೀನು, ಇನ್ನೊಂದರಲ್ಲಿ ಇಲ್ಲ. ದೇವಸ್ಥಾನಕ್ಕೆ ಹೋಗುವ ಎರಡು ಮುದುಕಿಯರಿಗೆ, ವ್ರತ ಹಿಡಿದವರಿಗೆ, ಯಾರಿಗೆ ಬೇಡವೋ ಅವರಿಗೆ ಮೀನಿಲ್ಲದ ಪಾತ್ರೆ. ಮಲಯ ಮಕ್ಕಳಿಗೆಂದು ಕೋಳಿಯನ್ನು ಹಲಾಲ್ ಅಂಗಡಿಯಿಂದಲೇ ತರುತ್ತಾರೆ. ಇದಕ್ಕೆ ಅವರು ಸಮಿತಿ ಮಾಡಲಿಲ್ಲ, ವರದಿ ಬರೆಯಲಿಲ್ಲ. ಒಂದು ಪಾತ್ರೆ ಹೆಚ್ಚು ತೊಳೆದರು.

ಹೋದ ತಿಂಗಳು ಅಪ್ಪ ಮತ್ತು ಗುರುದತ್ ಅಂಕಲ್ ಫೋಟೋಗೆ ಬಂದದ್ದು ಅಲ್ಲಿಗೇ. ಪರಮೇಶ್ವರಿ ಅಕ್ಕ ಮೀನಿಲ್ಲದ ಪಾತ್ರೆಯನ್ನು ಕೈಮಾಡಿ ತೋರಿಸಿದರು, “ಸಾರ್, ವೆಜ್ ಇಂದ ಪಕ್ಕಂ”, ವೆಜ್ ಈ ಕಡೆ, ಎಂದೂ ಹೇಳಿದರು. ಅಂಕಲ್‌ಗೆ ಬಣ್ಣ ಮುಖ್ಯ. “ಇದೇ ಇರ್ಲಿ, ಇದು ಕ್ರೀಮಿಯಾಗಿದೆ” ಎಂದು ಇನ್ನೊಂದು ಪಾತ್ರೆಯಿಂದ ತಾವೇ ಬಡಿಸಿ ಅಪ್ಪನ ಕೈಗೆ ಕೊಟ್ಟರು. ಆಮೇಲೆ ಶುರುವಾಯಿತು: “ಸ್ಪೂನ್ ಸ್ವಲ್ಪ ಮೇಲೆ ಸರ್... ತಿನ್ಬೇಡಿ, ತಿನ್ಬೇಡಿ! ತಿಂದ್ರೆ ಕೆನ್ನೆ ಉಬ್ಬುತ್ತೆ, ಫೋಟೋ ಹಾಳಾಗುತ್ತೆ.” ಅಪ್ಪ ತಿನ್ನಲಿಲ್ಲ. ಚಮಚವನ್ನು ಬಾಯಿಯ ಹತ್ತಿರ ಹಿಡಿದು ಬೇಕಾದಷ್ಟು ಹೊತ್ತು ನಕ್ಕರು, ಬಟ್ಟಲನ್ನು ಮೇಜಿನ ಮೇಲಿಟ್ಟು ಕೈ ಒರೆಸಿಕೊಂಡರು. ಅಲ್ಲಿ ಕುಳಿತಿದ್ದ ಮಕ್ಕಳು ತಮ್ಮ ಪಾಲಿಗಾಗಿ ಅಷ್ಟು ಹೊತ್ತೂ ಕಾದಿದ್ದವು. ಪರಮೇಶ್ವರಿ ಅಕ್ಕ ನನ್ನ ಕಿವಿಯ ಹತ್ತಿರ ಬಗ್ಗಿ, “ಅಪ್ಪಾ ಮಕಾನ್ ಇಲ್ಲೆ ಲಾ, ಪೋಸ್ ಮಟ್ಟುಂದಾನ್” ಎಂದರು. ಊಟವಿಲ್ಲ, ಬರೀ ಪೋಸು! ನನಗೆ ನಗು ಬಂತು. ಆಮೇಲೆ ಅಕ್ಕನ ಮುಖ ನೋಡಲು ಆಗಲಿಲ್ಲ.

ಶನಿವಾರದ ಸಭೆಗೆಂದು ಬಳಗ ಸಿದ್ಧಪಡಿಸಿದ ವರದಿಯಲ್ಲಿ ಆ ಗಂಜಿಗೆ ಈಗ ‘ಚೇತರಿಕೆಯ ಗಂಜಿ’ ಎಂಬ ಹೆಸರು. ಸಂಪೂರ್ಣ ಸಸ್ಯಜನ್ಯ, ರುಚಿಕರ, ಫಲಾನುಭವಿಗಳ ಅಚ್ಚುಮೆಚ್ಚಿನದು ಎಂದು ಅಪ್ಪ ಬರೆದಿದ್ದಾರೆ. ರುಚಿಯನ್ನು ಯಾವ ನಾಲಿಗೆಯಿಂದ ನೋಡಿದರೋ. ಇಡೀ ವರದಿಯಲ್ಲಿ ಎಲ್ಲ ಕಡೆ ‘ಫಲಾನುಭವಿ’, ಎಲ್ಲಿಯೂ ಒಬ್ಬರ ಹೆಸರಿಲ್ಲ. ಹೆಸರು ಹಾಕಬಹುದಲ್ಲ ಎಂದು ಒಮ್ಮೆ ಕೇಳಿದೆ. “ಪ್ರೈವಸಿ ಅಂತ ಒಂದು ಉಂಟು ಮಾರಾಯ್ತಿ” ಎಂದರು ಅಪ್ಪ. ಅದೇ ಪುಟದಲ್ಲಿ ಪೆಟ್ಟಿಗೆ ಹಿಡಿದು ತಲೆ ತಗ್ಗಿಸಿ ನಿಂತ ಹೆಂಗಸರ ಮುಖಗಳು ಬಣ್ಣಬಣ್ಣವಾಗಿ ಅಚ್ಚಾಗಿವೆ.

ಇದನ್ನು ಅಜ್ಞಾನ ಎನ್ನೋಣವೆಂದರೆ ಅದಕ್ಕೂ ದಾರಿಯಿಲ್ಲ. ಮೆಡಿಕಲ್ ಕಾಲೇಜಿನಲ್ಲಿ ಮಕ್ಕಳ ಅಪೌಷ್ಟಿಕತೆಯ ಪಾಠ ಮಾಡುವವರು ಅಪ್ಪನೇ. ಅವರ ಸ್ಲೈಡ್‌ಗಳಿಗೆ ಕಾಗುಣಿತ ತಿದ್ದಿಕೊಡುವವಳು ನಾನು. ಅದರಲ್ಲಿ ಮೊಟ್ಟೆ ಇದೆ, ಮೀನು ಇದೆ, ಅಗ್ಗವಾಗಿ ಸಿಗುವ ಒಳ್ಳೆಯ ಆಹಾರ ಎಂದು ದಪ್ಪಕ್ಷರದಲ್ಲಿದೆ. ಊಟ ಬಡಿಸುವಾಗ ಮೆಲ್ಲಗೆ ಕೇಳಿದೆ, ಅಲ್ಲಿ ಹಾಗೆ ಹೇಳಿ ಇಲ್ಲಿ ಹೀಗೆ ಏಕೆ ಎಂದು. ಅಪ್ಪ ಸಿಟ್ಟಾಗಲಿಲ್ಲ. “ಅದು ಅಕಾಡೆಮಿಕ್. ಇದು ನಮ್ಮ ಬಳಗ, ನಮ್ಮ ಹೆಸರು. ನಮ್ಮ ಹಣದಲ್ಲಿ ಮೀನು ಬೇಯಿಸಿದ್ರೆ ನಾಳೆ ಯಾರು ಬರ್ತಾರೆ ಹೇಳು?” ಎಂದು ಇನ್ನಷ್ಟು ಸಾರು ಹಾಕಿಸಿಕೊಂಡರು. ಆಸ್ಪತ್ರೆಯಲ್ಲೇ ಮಲಗಿ, ವಾರಗಟ್ಟಲೆ ಮನೆಗೆ ಬಾರದೆ ಕೋವಿಡ್ ರೋಗಿಗಳನ್ನು ನೋಡಿಕೊಂಡ ಅಪ್ಪನೂ ಇವರೇ. ಆ ಅಪ್ಪನನ್ನು ನಾನು ಮರೆತಿಲ್ಲ. ಅದಕ್ಕೇ ಈ ಅಪ್ಪನನ್ನು ನೋಡಿದರೆ ಇಷ್ಟು ಹೇಸಿಗೆಯಾಗುವುದು.

ಇನ್ನು ಶನಿವಾರದ ವಿಷಯ. ಹಲವು ಸಂಸ್ಥೆಗಳು ಸೇರಿ ಒಂದು ನಿಧಿ ಮಾಡಿವೆ. ಫ್ಲ್ಯಾಟುಗಳಲ್ಲಿ ಇಂಥ ಅಡುಗೆಮನೆಗಳು ನಿಲ್ಲಬಾರದೆಂದು ಅಕ್ಕಿ, ಗ್ಯಾಸು, ದಿನಸಿಗೆ ಒಂದು ವರ್ಷ ಹಣ ಕೊಡುತ್ತವಂತೆ. ಯಾರ ಕೈಗೆ ಎಂದು ಶನಿವಾರದ ಸಭೆಯಲ್ಲಿ ತೀರ್ಮಾನ. ನಮ್ಮ ಬಳಗ ಅರ್ಜಿ ಹಾಕಿದೆ. ಬಳಗಕ್ಕೆ ಸಿಕ್ಕರೆ ಪರಮೇಶ್ವರಿ ಅಕ್ಕನ ಅಡುಗೆಮನೆಯಲ್ಲಿ ಮೀನು, ಮೊಟ್ಟೆ, ಕೋಳಿ ನಿಲ್ಲಬೇಕು. ಇದು ಒಪ್ಪಂದದ ಷರತ್ತು. ದಿನಸಿಯೂ ಅಂಕಲ್‌ರ ಪರಿಚಯದ ದೊಡ್ಡ ಅಂಗಡಿಯಿಂದಲೇ ಬರಬೇಕು. ಈಗ ಬೆಳಗಿನ ಸಂತೆಯಲ್ಲಿ ತರಕಾರಿ ಮಾರುವ ಹೆಂಗಸೂ, ಕ್ವಾಲಾ ಸೆಲಾಂಗೋರಿನಿಂದ ಮೀನು ತರುವ ಮುದುಕನೂ ಅಡುಗೆಮನೆಗೆ ಕಡಿಮೆ ಬೆಲೆಗೆ ಕೊಡುತ್ತಾರೆ. ಕೊರೊನಾ ಕಾಲದಲ್ಲಿ ಅವರ ಸರಕು ಕೊಳೆಯುತ್ತಿದ್ದಾಗ ಕೊಂಡವರು ಈ ಫ್ಲ್ಯಾಟಿನವರು. ಆ ಎರಡು ಕೈಗಳ ನಡುವೆ ಈಗ ಅಂಕಲ್‌ರ ಅಂಗಡಿ ಬರಬೇಕಂತೆ. ‘ಸಪ್ಲೈ ಚೈನ್ ಬಲಪಡಿಸುವುದು’ ಎಂದು ವರದಿ ಅದನ್ನು ಕರೆಯುತ್ತದೆ.

ಅಲ್ಲಿಯವರಿಗೇ ಆರಿಸಿಕೊಳ್ಳಲು ಬಿಡಬಹುದಲ್ಲ ಎಂದು ಸಮಿತಿಯಲ್ಲಿ ಅನನ್ಯ ಆಂಟಿ ಕೇಳಿದರು. ಗುರುದತ್ ಅಂಕಲ್ ನಕ್ಕುಬಿಟ್ಟರು. “ಮೇಡಂ, ಅವ್ರಿಗೆ ಚಾಯ್ಸ್ ಕೊಟ್ರೆ ಕನ್‌ಫ್ಯೂಸ್ ಆಗ್ತಾರೆ. ನಾವ್ ಡಿಸೈಡ್ ಮಾಡಿದ್ರೆ ಅವ್ರಿಗೂ ಟೆನ್ಷನ್ ಇಲ್ಲ.” ಆ ಸಭೆ ನಡೆದದ್ದು ಇಲ್ಲೇ ಬಾಂಗ್ಸಾರಿನ ಕೆಫೆಯಲ್ಲಿ. ಅಂಕಲ್ ಬಾದಾಮಿ ಹಾಲಿನ ಕಾಫಿ ಹೇಳಿ, ಅದು ಬಂದಾಗ ಓಟ್ಸ್ ಹಾಲು ಬೇಕಿತ್ತು ಎಂದು ವಾಪಸು ಕಳಿಸಿ, ಮತ್ತೆ ಬಾದಾಮಿಯೇ ಇರಲಿ ಎಂದರು. ಆಮೇಲೆ ನನ್ನ ಕಡೆ ನೋಡಿ, “ನಮ್ ಸಮೀಕ್ಷಾ ನೋಡಿ, ಪಾಪ, ಸೈಲೆಂಟು. ಲಿಟ್ರೇಚರ್ ಅಲ್ವಾ” ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಮಾತಾಡದವರಿಗೆ ಕಿವಿಯೂ ಕೇಳಿಸುವುದಿಲ್ಲ ಎಂದು ಇವರೆಲ್ಲ ಹೇಗೆ ನಂಬಿದ್ದಾರೋ.

ಬಳಗದ ಅರ್ಜಿಗೆ ಒಂದು ಕೊರತೆ ಇತ್ತು. ಅಡುಗೆಮನೆಯನ್ನು ಕಣ್ಣಾರೆ ಕಂಡ, ಸಮಿತಿಯವರಲ್ಲದ ಒಬ್ಬರು ಸಭೆಯ ಮುಂದೆ ಹತ್ತು ನಿಮಿಷ ಮಾತಾಡಬೇಕೆಂಬುದು ನಿಧಿಯವರ ನಿಯಮ. ಆ ಒಬ್ಬರು ನಾನು. ನಾನು ಓದಬೇಕಾದದ್ದನ್ನು ಅಪ್ಪ ಬರೆದೇ ಕೊಟ್ಟಿದ್ದಾರೆ. ಅದರಲ್ಲಿ ಒಂದು ಸಾಲಿದೆ: ‘ನಿವಾಸಿಗಳು ಸ್ವಂತ ಇಚ್ಛೆಯಿಂದ ಸಂಪೂರ್ಣ ಸಸ್ಯಾಹಾರವನ್ನು ಆರಿಸಿಕೊಂಡಿರುವುದನ್ನು ನಾನು ಗಮನಿಸಿದೆ.’ ಗಮನಿಸಿದೆ! ನನಗೆ ಬರುವ ಒಂದೇ ಒಂದು ಕೆಲಸವನ್ನೂ ಇವರು ಬಿಡಲಿಲ್ಲ ನೋಡು.

ಮೊನ್ನೆ ಸೋಮವಾರ ಆ ಹಾಳೆಯನ್ನು ಚೀಲದಲ್ಲಿಟ್ಟುಕೊಂಡೇ ಅಡುಗೆಮನೆಗೆ ಹೋದೆ. ಷರತ್ತಿನ ವಿಷಯ ಪರಮೇಶ್ವರಿ ಅಕ್ಕನಿಗೆ ಆಗಲೇ ಗೊತ್ತಿತ್ತು. ಅಂಕಲ್ ಬಂದು ಹೇಳಿ ಹೋಗಿದ್ದರು. ಅವರು ಕೂಗಾಡಲಿಲ್ಲ. ಸೈನ್ ಹಾಕುತ್ತೇನಮ್ಮ, ಅಕ್ಕಿ ಬೇಕಲ್ಲ, ಗ್ಯಾಸು ಮುಗಿಯುತ್ತ ಬಂತು ಎಂದರು. ಸ್ವಲ್ಪ ಹೊತ್ತು ಸೊಪ್ಪು ಬಿಡಿಸಿದರು. ಆಮೇಲೆ, ಮಕ್ಕಳು ಮೊಟ್ಟೆ ಎಲ್ಲಿ ಎಂದು ಕೇಳಿದರೆ ಹೇಳುವುದಕ್ಕೆ ನಿಮ್ಮಪ್ಪ ಬರುತ್ತಾರಾ, ಇಲ್ಲ ಅವರಿಗೂ ಒಂದು ಫೋಟೋ ತೋರಿಸಲಾ ಎಂದರು. ನನ್ನನ್ನು ಚುಚ್ಚಲು ಹೇಳಿದ್ದಲ್ಲ. ಚುಚ್ಚಿದ್ದರೇ ವಾಸಿಯಿತ್ತು.

ನಾನು ಅಲ್ಲಿಂದಲೇ ನಿಧಿಯವರ ಕಚೇರಿಗೆ ಫೋನ್ ಮಾಡಿದೆ. ಹೌದು, ನಾನೇ. ಮೆಟ್ಟಿಲ ಕೆಳಗೆ ಸೈಕಲ್ಲುಗಳ ನಡುವೆ ನಿಂತು, ಎರಡು ಸಲ ಕಟ್ ಮಾಡಿ, ಮೂರನೆಯ ಸಲ ಮಾತಾಡಿದೆ. ಹಣ ಯಾವುದಾದರೂ ಸಂಘಕ್ಕೇ ಹೋಗಬೇಕೇ, ನಿವಾಸಿಗಳ ಕೈಗೆ ನೇರ ಕೊಡಲು ಬರುವುದಿಲ್ಲವೇ ಎಂದು ಕೇಳಿದೆ. ಆ ಕಡೆಯ ಹೆಂಗಸು, ಕೊಡಬಹುದು, ಆದರೆ ಯಾರಾದರೂ ಸಭೆಯಲ್ಲಿ ಎದ್ದು ಹಾಗೆಂದು ಕೇಳಬೇಕು, ಇದುವರೆಗೆ ಯಾರೂ ಕೇಳಿಲ್ಲ ಎಂದಳು. ಎಲ್ಲ ಕಡೆಯೂ ಸಂಘಗಳೇ ಬಂದು ಬಡವರ ಪರವಾಗಿ ಮಾತಾಡಿ ಹೋಗುತ್ತವಂತೆ.

ನಾನು ಸಭೆಯಲ್ಲಿ ಎದ್ದು ನಿಂತರೆ ಏನಾಗುತ್ತದೆಂದು ನಿನಗೆ ಗೊತ್ತು. ಕಾಲೇಜಿನಲ್ಲಿ ಸೆಮಿನಾರಿಗೆ ನಿಂತು, ನನ್ನದೇ ಪ್ರಬಂಧವನ್ನು ಗೆಳತಿಯ ಕೈಗೆ ಕೊಟ್ಟು ಕೂತವಳು ನಾನು. ನಿನ್ನೆ ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಓದಿ ನೋಡಿದೆ. ನೀರಿನ ಸದ್ದಿಗಿಂತ ನನ್ನ ದನಿ ಸಣ್ಣದು. ಆದರೆ ಶನಿವಾರ ಅಲ್ಲಿ ಮೈಕು ಇರುತ್ತದೆ.

ಅಪ್ಪ ಕೊಟ್ಟ ಹಾಳೆಯನ್ನು ನಾನು ಓದುವುದಿಲ್ಲ, ಅಮ್ಮ. ನಾನು ಕಂಡದ್ದನ್ನು ಹೇಳುತ್ತೇನೆ: ಎರಡು ಪಾತ್ರೆ, ಯಾರಿಗೆ ಯಾವುದು ಬೇಕೆಂದು ಅವರವರೇ ಹೇಳುವುದು, ಸಂತೆಯಿಂದ ಬರುವ ಮೀನು. ಎಲ್ಲರಿಗೂ ಸಸ್ಯಾಹಾರವೇ ಇರಲಿ ಎಂದು ಅಲ್ಲಿಯವರು ಆರಿಸಿಕೊಂಡಿಲ್ಲ ಎಂದು ಹೇಳುತ್ತೇನೆ. ಹಣವನ್ನು ನಮ್ಮ ಬಳಗಕ್ಕೆ ಕೊಡಬೇಡಿ, ಫ್ಲ್ಯಾಟಿನವರ ಕೈಗೇ ಕೊಡಿ ಎಂದು ಕೇಳುತ್ತೇನೆ. ಪರಮೇಶ್ವರಿ ಅಕ್ಕನ ಹೆಸರನ್ನು ಗಟ್ಟಿಯಾಗಿ, ಪೂರ್ತಿಯಾಗಿ ಹೇಳುತ್ತೇನೆ. ಅವರು ಹೇಳಿಕೊಳ್ಳಿ ಎಂದು ಒಪ್ಪಿದ್ದಾರೆ, ನನ್ನ ಪಕ್ಕದಲ್ಲೇ ಕೂರುತ್ತಾರೆ. ಅಪ್ಪ ಮುಂದಿನ ಸಾಲಿನಲ್ಲಿ ಕೂತಿರುತ್ತಾರೆ. ಅವರ ಕಡೆ ನೋಡದೆ ಮುಗಿಸಬೇಕು ಎಂದುಕೊಂಡಿದ್ದೆ. ಈಗ ಇದನ್ನು ಬರೆಯುತ್ತ ಬರೆಯುತ್ತ ಅನ್ನಿಸುತ್ತಿದೆ, ಇಲ್ಲ, ಅವರನ್ನು ನೋಡಿಯೇ ಹೇಳುತ್ತೇನೆ.

ಅಜ್ಜಿಗೆ ನನ್ನ ನಮಸ್ಕಾರ. ಕಣ್ಣಿಗೆ ಔಷಧ ಬಿಡುವಾಗ ಬೈದರೆ ಬೈಸಿಕೋ.

ನಿನ್ನ ಮಗಳು,
ಸಮೀಕ್ಷಾ

ಮರೆತ ಮಾತು: ವಾಟ್ಸಪ್ ಇರುವಾಗ ಇದನ್ನು ಅಂಚೆಗೆ ಏಕೆ ಹಾಕಿದಳು ಎಂದು ನೀನು ಯೋಚಿಸಬಹುದು. ಇದು ಮಲ್ಪೆ ಸೇರುವ ಹೊತ್ತಿಗೆ ಶನಿವಾರ ಕಳೆದು ಎಷ್ಟೋ ದಿನವಾಗಿರುತ್ತದೆ. ಅಪ್ಪನ ಫೋನು ಮೊದಲೇ ಬಂದಿರುತ್ತದೆ. ಅವರು ಹೇಳಿದ್ದನ್ನು ನಂಬು, ಬೈಗುಳ ಕಳೆದು ಉಳಿದದ್ದೆಲ್ಲ ನಿಜವೇ ಇರುತ್ತದೆ. ಮೊದಲೇ ತಿಳಿಸಿದ್ದರೆ ನೀನು ನನ್ನನ್ನು ತಡೆಯುತ್ತಿದ್ದೆಯೋ, ಮಾಡು ಎನ್ನುತ್ತಿದ್ದೆಯೋ, ನನಗೆ ಗೊತ್ತಿಲ್ಲ. ಕೇಳಿ ತಿಳಿದುಕೊಳ್ಳುವ ಧೈರ್ಯ ಮಾತ್ರ ನನಗೆ ಬರಲಿಲ್ಲ.